ಮುಚ್ಚಳವಿಲ್ಲದ ಬಟ್ಟಲು

ಅರಿಸಿನದ ಎಲೆ ಕೆಂಡದ ಮೇಲೆ ಬಾಡುವಾಗ ಬರುವ ವಾಸನೆ ನನ್ನ ಬಾಲ್ಯದ್ದು. ಹಬ್ಬದ ವಾಸನೆ ಎನ್ನುತ್ತಾರೆ ಕೇಳಿದವರೆಲ್ಲ, ಆ ಎಲೆಯಲ್ಲಿ ಕಡುಬು ಬೇಯಿಸುವುದು ರೂಢಿ ನೋಡಿ. ನಮ್ಮ ಹಿತ್ತಿಲ ಬೇಲಿಯಾಚೆ ದೋಣಿ ನಡೆಸುವ ಗಂಗವ್ವನ ಮನೆಯಿತ್ತು. ಅಲ್ಲಿಂದ ಅದು ದಿನವೂ ಬರುತ್ತಿತ್ತು. ಮೊದಲು ಎಲೆಯ ತಂಪು ಘಮ. ಅದರ ಬೆನ್ನಿಗೇ ಅದರೊಳಗಿಂದ ಇನ್ನೊಂದು ವಾಸನೆ, ಹೊಳೆ ಇಳಿದಾಗಿನ ಕೆಸರಿನಂಥದ್ದು. ಗಂಗವ್ವ ಒಣಸೀಗಡಿಯನ್ನು ನೆನೆಹಾಕಿ ಉಪ್ಪು ಬಿಡಿಸಿ, ಎಲೆಯಲ್ಲಿ ಸುತ್ತಿ ಕೆಂಡದಲ್ಲಿ ಹೂಳುತ್ತಿದ್ದಳು. ಆಮೇಲೆ ತೆಗೆದು ಜಜ್ಜಿ, ಬೆಂದು ಕರಗಿದ ಅಕ್ಕಿಗಂಜಿಗೆ ಕಲಸಿ ತನ್ನ ಬೆಕ್ಕಿನ ಮುಂದಿಡುತ್ತಿದ್ದಳು. ಅಮ್ಮ ಕಿಟಕಿ ಮುಚ್ಚುವಳು. ನಾನು ಕಿಟಕಿಯ ಸಂದಿಗೆ ಮೂಗಿಟ್ಟು ನಿಲ್ಲುವೆ. ಗಂಗವ್ವನ ಒಲೆಯ ಪಕ್ಕದಲ್ಲಿ ಆಚೆ ಮನೆಯ ವೆಂಕಪ್ಪ, ನನಗಿಂತ ಚಿಕ್ಕವನು, ಕುಕ್ಕರಗಾಲಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿರುವನು. ಅವನ ಮನೆಯವರಿಗೆ ಇದು ತಿಳಿದಿರಲಿಲ್ಲ. ನಾನು ಹೇಳಲಿಲ್ಲ. ಗಂಗವ್ವ ಹೋದ ಮೇಲೆ ಆ ವಾಸನೆ ಊರಿನಿಂದಲೇ ಹೋಯಿತು ಎಂದುಕೊಂಡಿದ್ದೆ.

ನಮ್ಮೂರಿನಲ್ಲಿ ಬೆಕ್ಕುಗಳು ವರ್ಷಕ್ಕೊಮ್ಮೆ ಮನೆ ಬದಲಾಯಿಸುತ್ತವೆ. ಮಳೆಗಾಲ ಮುಗಿದು ಮೊದಲ ಇಬ್ಬನಿ ಬಿದ್ದ ಬೆಳಿಗ್ಗೆ ಎಲ್ಲ ಬೆಕ್ಕುಗಳೂ ಒಟ್ಟಿಗೆ ಏಳುತ್ತವೆ, ಮೈ ಮುರಿಯುತ್ತವೆ, ಹೊಸಲು ದಾಟಿ ಬೀದಿಗಿಳಿಯುತ್ತವೆ. ನಾವು ಬಾಗಿಲು ತೆರೆದಿಟ್ಟು ಪಕ್ಕಕ್ಕೆ ನಿಲ್ಲುತ್ತೇವೆ. ಕರೆಯುವ ಹಾಗಿಲ್ಲ, ತಡೆಯುವ ಹಾಗಿಲ್ಲ, ಹೋದದ್ದನ್ನು ಎತ್ತಿ ತರುವ ಹಾಗಂತೂ ಇಲ್ಲವೇ ಇಲ್ಲ. ಬಿಸಿಲೇರುವ ಹೊತ್ತಿಗೆ ಪ್ರತಿಯೊಂದೂ ತನಗೆ ಬೇಕಾದ ಮನೆ ಸೇರಿ, ಅಲ್ಲಿಯೇ ಹುಟ್ಟಿ ಬೆಳೆದದ್ದರ ಹಾಗೆ ಒಲೆಯ ಬುಡದಲ್ಲಿ ಮುದುರಿರುತ್ತದೆ. ಛತ್ರದ ಅಡುಗೆಯವರ ಮನೆಯ ಬಾಗಿಲು ಮಾತ್ರ ಆ ದಿನ ಮುಚ್ಚಿರಬೇಕು. ಮದುವೆ ಮುಂಜಿಗಳ ಊಟ ಬೇಯಿಸುವ ಕೈಗೆ ಬೆಕ್ಕಿನ ಕೂದಲಾಗಲಿ ಮೀನಿನ ಮುಳ್ಳಾಗಲಿ ತಾಕಬಾರದು ಎಂದು ಹಿಂದಿನವರು ಮಾಡಿದ ಕಟ್ಟಳೆ.

ಮನೆ ಬದಲಾದರೆ ಊಟವೂ ಬದಲಾಗುತ್ತದೆ. ಮೊಟ್ಟೆ ತಿಂದು ಬೆಳೆದದ್ದು ಮೀನಿನ ಮನೆಗೆ ಹೋಗುತ್ತದೆ, ಕೋಳಿ ತಿಂದದ್ದು ಮೊಟ್ಟೆಯ ಮನೆಗೆ. ಮನುಷ್ಯರ ನಾಲಗೆಗೆ ಅದು ಹಬ್ಬ, ಬೆಕ್ಕಿನ ಕರುಳಿಗೆ ಹಾಗಲ್ಲ. ಆದ್ದರಿಂದ ನಮ್ಮಲ್ಲಿ ಹಳೆಬಟ್ಟಲು ಎಂಬ ಪದ್ಧತಿಯಿದೆ. ಬೆಕ್ಕು ಬಿಟ್ಟುಹೋದ ಮನೆಯವರು ಅದು ತಿನ್ನುತ್ತಿದ್ದುದನ್ನೇ ಬೇಯಿಸಿ, ಬಟ್ಟಲಲ್ಲಿ ಹಾಕಿ, ಅದು ಸೇರಿದ ಮನೆಯ ಜಗಲಿಗೆ ತಲುಪಿಸುತ್ತಾರೆ. ಆ ಮನೆಯವರು ಅದರಲ್ಲಿ ತಮ್ಮ ಊಟವನ್ನು ಚಿಟಿಕೆಯಷ್ಟು ಬೆರೆಸುತ್ತಾರೆ. ಹೊಟ್ಟೆ ಒಪ್ಪಿದರೆ ಮರುದಿನ ಇನ್ನಷ್ಟು, ಒಪ್ಪದಿದ್ದರೆ ಮತ್ತೆ ಕಡಿಮೆ. ಹೊಸದು ಸೇರಿದಷ್ಟೂ ಹಳೆಯದು ಬಟ್ಟಲಿನ ತಳದಲ್ಲಿ ಉಳಿಯುತ್ತದೆ. ಉಳಿದದ್ದನ್ನು ಹಾಗೆಯೇ ವಾಪಸು ಕಳಿಸುತ್ತಾರೆ. ಅದನ್ನು ನೋಡಿ ಕೊಡುವವರು ಮರುದಿನ ಅಷ್ಟು ಕಡಿಮೆ ಮಾಡುತ್ತಾರೆ. ಬೆಕ್ಕು ಹೇಗಿದೆ ಎಂದು ಯಾರೂ ಕೇಳುವುದಿಲ್ಲ, ಬಟ್ಟಲೇ ಹೇಳುತ್ತದೆ. ಕೊನೆಗೆ ಅದು ತೊಳೆದು ಬೋರಲು ಹಾಕಿದ್ದಾಗಿ ಬಂದರೆ ಆ ವರ್ಷದ ಕೆಲಸ ಮುಗಿಯಿತು. ಇದಕ್ಕೆ ಇರುವ ಕಟ್ಟು ಎರಡೇ. ಬಟ್ಟಲಿಗೆ ಮುಚ್ಚಳ ಹಾಕಬಾರದು, ಬೀದಿಯವರೆಲ್ಲ ಅದು ಏನು ತಿನ್ನುತ್ತಿತ್ತೆಂದು ನೋಡಬೇಕು. ಮತ್ತೆ, ಹಳೆಯ ಮನೆಯವರು ತಾವೇ ಹಗಲಲ್ಲಿ ಹೊತ್ತು ತರಬೇಕು. ಬೇರೆ ಕೈಯಿಂದ ಬಂದ ಬಟ್ಟಲನ್ನು ಬೆಕ್ಕು ಮೂಸಿ ನೋಡಿ ಪಕ್ಕಕ್ಕೆ ಹೋಗಿ ಕೂರುತ್ತದೆ. ಕೆಲಸದವರ ಕೈಯಲ್ಲಿ ಕಳಿಸಿ ನೋಡಿದವರಿಗೆಲ್ಲ ಇದು ಗೊತ್ತು.

ನಾನು ಹೇಳಹೊರಟ ವರ್ಷ ನಮ್ಮನೆಯ ಬೆಕ್ಕು ಕೆಂಚ, ಗಡಿಯಾರ ರಿಪೇರಿ ಅಂಗಡಿಯವರ ಮನೆಗೆ ಹೋದ. ನಾನು ಮೊಟ್ಟೆ ಬೇಯಿಸಿ ಹಿಸುಕಿ, ಸ್ವಲ್ಪ ಅನ್ನಕ್ಕೆ ಕಲಸಿಕೊಂಡು ಅವರ ಜಗಲಿಗೆ ಹೋಗಿ ಬರುತ್ತಿದ್ದೆ. ನನ್ನಲ್ಲಿಗೆ ಬಂದ ಬೂದುಬಣ್ಣದ ಮುದಿಬೆಕ್ಕು ಏನು ಕೊಟ್ಟರೂ ತಿಂದು ಅರಗಿಸಿಕೊಳ್ಳುವ ಜಾತಿಯದು. ಹೀಗಾಗಿ ನನಗೆ ಆ ಸಲ ಸುತ್ತಲಿನವರನ್ನು ನೋಡಲು ಪುರಸೊತ್ತು ಸಿಕ್ಕಿತು.

ನಮ್ಮ ಹೊರಮನೆಯಲ್ಲಿ ತಾರಾಮಣಿ ಎಂಬ ಹೆಣ್ಣುಮಗಳು ಬಾಡಿಗೆಗಿದ್ದಳು. ಹೊಲಿಗೆ ಅವಳ ಕಸುಬು. ಗಂಡನನ್ನು ಬಿಟ್ಟು ಹೊಲಿಗೆ ಯಂತ್ರವೊಂದನ್ನೇ ಎತ್ತಿಕೊಂಡು ಬಂದವಳು. ಬಂದಂದಿನಿಂದ ಯಾವ ವರ್ಷವೂ ಅವಳ ಮನೆಗೆ ಬೆಕ್ಕು ಬಂದಿರಲಿಲ್ಲ. ಇಬ್ಬನಿಯ ಬೆಳಿಗ್ಗೆ ಅವಳು ಬಾಗಿಲು ತೆರೆದು, ನೆಲ ಸಾರಿಸಿ, ಮೂಲೆಯಲ್ಲಿ ಮೆತ್ತನೆಯ ಬಟ್ಟೆಚೂರುಗಳನ್ನು ಹಾಸಿ ಕಾಯುವಳು. ಬೆಕ್ಕುಗಳು ಆ ಹೊಸಲನ್ನು ನೋಡದವುಗಳ ಹಾಗೆ ಮುಂದಕ್ಕೆ ನಡೆದುಬಿಡುವವು. ಬೆಕ್ಕು ಬಾರದ ಮನೆಯ ಬಗ್ಗೆ ಯಾರೂ ಕೆಟ್ಟ ಮಾತು ಆಡುವುದಿಲ್ಲ, ನಮ್ಮೂರು ಅಷ್ಟು ಒರಟಲ್ಲ. ಆದರೆ ರವಿಕೆ ಹೊಲಿಸಲು ಬಂದ ಹೆಂಗಸರು ಒಳಗೆ ಹೋಗದೆ ಬಾಗಿಲಲ್ಲೇ ನಿಂತು ಅಳತೆ ಕೊಡುತ್ತಾರೆ. ಅರಿಸಿನ ಕುಂಕುಮಕ್ಕೆ ಕರೆಯುವಾಗ ಆ ಮನೆ ಹೇಗೋ ಮರೆತುಹೋಗುತ್ತದೆ.

ಆ ವರ್ಷ ಬೆಕ್ಕು ಬಂತು. ಕಪ್ಪು ಬೆನ್ನು, ಬಿಳಿ ಕಾಲು, ತುದಿಯಲ್ಲಿ ಮುರಿದು ಸೊಟ್ಟಗಾದ ಬಾಲ. ನೇರ ಒಳಗೆ ಹೋಗಿ ಹೊಲಿಗೆ ಯಂತ್ರದ ಕಾಲುಮಣೆಯ ಮೇಲೆ ಕೂತಿತು. ತಾರಾ ಕೆಲಸ ನಿಲ್ಲಿಸಿ ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಕೈ ಒರೆಸಿಕೊಂಡು ಅವಳ ಜೊತೆ ಹೋಗಿ ನೋಡಿ ಬಂದೆ.

ಸುದ್ದಿ ಕೇಳಿ ಬಾವಿಕಟ್ಟೆ ಮನೆಯ ಸಾವಂತ್ರಮ್ಮ ಬಂದಳು. ಬಂದವಳೇ ಕೈ ಬಾಯಿಗಿಟ್ಟುಕೊಂಡಳು.

"ಅಯ್ಯೋ, ಇದು ನಮ್ಮ ಸೊಟ್ಟಬಾಲ ಅಲ್ವೇನ್ರೇ! ಹೋದ ವರ್ಷ ನಮ್ಮನೆ ಬಿಟ್ಟು ಹೊಳೆಗೆ ಹೋದದ್ದು!"

ಮನೆ ಬಿಟ್ಟು ಬೇರೆ ಯಾವ ಮನೆಯಲ್ಲೂ ಕಾಣಿಸದ ಬೆಕ್ಕನ್ನು ಹೊಳೆಗೆ ಹೋಯಿತು ಎನ್ನುವುದು ನಮ್ಮಲ್ಲಿ ವಾಡಿಕೆ. ಹೊಳೆಗೆ ಹೋದದ್ದು ಹಿಂದಿರುಗಿ ಬಂದದ್ದನ್ನು ಯಾರೂ ಕಂಡವರಿರಲಿಲ್ಲ. ಬಿಸಿಲು ಇಳಿಯುವುದರೊಳಗೆ ಬೀದಿಗೆ ಬೀದಿಯೇ ತಾರಾಳ ಮನೆಯ ಮುಂದೆ ಸೇರಿತು. ಈಗ ಹೆಂಗಸರು ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೇ ಹೋದರು.

"ಹಳೆಬಟ್ಟಲು ಯಾರು ತರ್ತಾರೆ ಇದಕ್ಕೆ?" ಎಂದು ತಾರಾ ಕೇಳಿದಳು.

"ಹೊಳೆ ತರ್ತದಾ ಬಟ್ಟಲು? ನೀರಿಂದ ಎದ್ದು ಬಂದ ಜೀವ ಕಣೇ ಇದು. ಬಿಳೀದು ಬಿಟ್ಟು ಬೇರೇನೂ ತೋರಿಸಬೇಡ. ಹಾಲು, ಬೆಣ್ಣೆ, ಪಾಯಸ. ನೋಡ್ತಿರು, ನಿನ್ನ ಮನೆ ಬೆಳಗ್ತದೆ," ಎಂದಳು ಸಾವಂತ್ರಮ್ಮ.

"ದೊಡ್ಡ ಬೆಕ್ಕಿಗೆ ಹಾಲು ಅರಗೋದಿಲ್ಲ ಸಾವಂತ್ರಮ್ಮ. ಬೇಯಿಸಿದ ಕೋಳಿ ಒಂದು ಚೂರು ಕೊಟ್ಟು ನೋಡೋಣ," ಎಂದೆ ನಾನು.

"ವಾರಿಜಮ್ಮ, ನೀವು ಕಾಲೇಜಲ್ಲಿ ಓದಿದ್ದು ಗಿಡಬಳ್ಳಿ ವಿಷಯ ಅಲ್ವಾ?"

"ಹೌದು."

"ಬೆಕ್ಕು ಬೇರು ಬಿಟ್ಟಾಗ ನಿಮ್ಮನ್ನೇ ಕೇಳ್ತೀವಿ ಬಿಡಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಸಂಜೆಯೊಳಗೆ ಬೆಳ್ಳಿ ಲೋಟದಲ್ಲಿ, ಹಿತ್ತಾಳೆ ಗಿಂಡಿಯಲ್ಲಿ, ಸ್ಟೀಲು ಬಟ್ಟಲಲ್ಲಿ ಹಾಲು ಬಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿತು. ಅಷ್ಟು ಜನ ಅಷ್ಟು ಪ್ರೀತಿಯಿಂದ ತಂದದ್ದನ್ನು ಬೇಡವೆನ್ನುವುದು ತಾರಾಳಿಗೆ ಆಗಲಿಲ್ಲ. ಅವಳಿಗೆ ಯಾರೂ ಏನನ್ನೂ ತಂದುಕೊಟ್ಟು ಅಭ್ಯಾಸವಿರಲಿಲ್ಲ.

ಬೆಕ್ಕಿನ ಹೊಟ್ಟೆ ಮರುದಿನವೇ ಕೆಟ್ಟಿತು. ಮೊದಲು ಸಡಿಲವಾಗಿ, ಆಮೇಲೆ ನೀರಿನ ಹಾಗೆ. ತಾರಾ ಗಾಬರಿಯಾಗಿ ಹಾಲು ನಿಲ್ಲಿಸಿ ಮೊಸರನ್ನ ಕೊಟ್ಟಳು, ಅದು ವಾಂತಿಯಾಯಿತು. ಕೋಳಿಯ ಚೂರಿಗೆ ಮೂತಿ ತಿರುಗಿಸಿತು. ಸಾವಂತ್ರಮ್ಮ ಬಂದು, ಹೊಳೆಯ ನೀರೆಲ್ಲ ಮೈಯಿಂದ ಇಳಿದುಹೋಗಬೇಕಲ್ಲ, ಇಳಿಯಲಿ ಎಂದು ಬೆಣ್ಣೆ ನೆಕ್ಕಿಸಿ ಹೋದಳು. ಆ ರಾತ್ರಿ ಕಳೆಯುವುದರೊಳಗೆ ಅದು ಎದ್ದು ಹೊರಗೆ ಹೋಗುವ ಶಕ್ತಿಯನ್ನೂ ಕಳೆದುಕೊಂಡು ಬಟ್ಟೆಚೂರುಗಳ ಮೇಲೆಯೇ ಮಾಡಿಕೊಂಡಿತು. ಹೊರಗೆ ಹೋಗಲಾರದ್ದಕ್ಕೆ ಅದಕ್ಕೇ ನಾಚಿಕೆಯಾದಂತಿತ್ತು. ಅದು ಮುಖವನ್ನು ಗೋಡೆಯ ಕಡೆ ಮಾಡಿ ಮಲಗಿತ್ತು. ತಾರಾ ಬೈಯಲಿಲ್ಲ, ಮೂಗು ಮುಚ್ಚಲಿಲ್ಲ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಅದರ ಹಿಂಬದಿಯನ್ನು ಒರೆಸಿ, ಹಾಸಿದ ಚೂರುಗಳನ್ನು ಬದಲಾಯಿಸುತ್ತಿದ್ದಳು. ಯಾರದೋ ಮದುವೆಯ ರೇಷ್ಮೆ ರವಿಕೆಯಲ್ಲಿ ಉಳಿದ ಚೂರುಗಳೂ ಅದರಲ್ಲಿದ್ದವು.

ದನದ ಆಸ್ಪತ್ರೆಯ ಡಾಕ್ಟರ್ ಮೆಹರುನ್ನೀಸಾ ಬಂದು ನೋಡಿದರು. ಬೆಕ್ಕಿನ ಕತ್ತಿನ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು. ಎತ್ತಿದ ಮಡಿಕೆ ಹಾಗೆಯೇ ನಿಂತಿತು, ಕೂಡಲೇ ಇಳಿಯಲಿಲ್ಲ.

"ಮೈಯಲ್ಲಿ ನೀರಿಲ್ಲ ಇದಕ್ಕೆ," ಎಂದು ಚರ್ಮದಡಿಗೆ ಸೂಜಿಯಲ್ಲಿ ನೀರು ಕೊಟ್ಟರು. "ಜ್ವರ ಇಲ್ಲ, ರಕ್ತ ಬಿದ್ದಿಲ್ಲ, ಹುಳ ಇದ್ದಂಗಿಲ್ಲ. ಊಟ ಒಮ್ಮೆಗೇ ಬದಲಾದದ್ದಕ್ಕೆ ಆಗಿರೋದು ಇದು. ಅದರ ಮೇಲೆ ಊರ ಹಾಲೆಲ್ಲ ಕುಡಿಸಿದ್ದೀರಿ. ಮುಂಚೆ ಏನು ತಿಂತಿತ್ತು?"

"ಗೊತ್ತಿಲ್ಲ ಡಾಕ್ಟರಮ್ಮ. ಹೊಳೆಯಿಂದ ಬಂದದ್ದಂತೆ."

"ಹೊಳೆಯಿಂದ ಬಂದದ್ದರ ಮೈ ಇಷ್ಟು ದುಂಡಗಿರ್ತದಾ? ಯಾರೋ ಚೆನ್ನಾಗಿ ಸಾಕಿದ ಬೆಕ್ಕು ಇದು. ನಾಳೆಯೂ ಬಂದು ನೀರು ಕೊಡ್ತೀನಿ. ಆದರೆ ಬೆಕ್ಕು ಬಹಳ ಹೊತ್ತು ಉಪವಾಸ ಇರಬಾರದು, ಲಿವರ್ ಕೆಡ್ತದೆ. ಪರಿಚಯದ ಊಟ ಕಂಡ್ರೆ ತಲೆ ಎತ್ತುತ್ತೋ ಏನೋ. ಅದು ಏನು ಅಂತ ಹುಡುಕಿ."

ಅವರು ಹೋದ ಮೇಲೆ ತಾರಾ ಯಂತ್ರದ ಪಕ್ಕ ನೆಲದ ಮೇಲೆ ಕೂತಳು. ಬಂದ ಬೆಕ್ಕು ಹೊಸ ಊಟಕ್ಕೆ ಹೊಟ್ಟೆ ಒಗ್ಗುವ ಮುಂಚೆಯೇ ಸತ್ತರೆ ಆ ಹೊಸಲನ್ನು ಇನ್ನು ಯಾವ ಬೆಕ್ಕೂ ತುಳಿಯುವುದಿಲ್ಲ ಎಂದು ನಮ್ಮಲ್ಲಿ ನಂಬಿಕೆ. ಅದನ್ನು ಯಾರೋ ಅವಳ ಕಿವಿಗೂ ಹಾಕಿದ್ದರು.

"ಇನ್ನು ಬೆಕ್ಕು ಬರದಿದ್ರೆ ಬೇಡ ವಾರಿಜಮ್ಮ. ಇದೊಂದು ಬದುಕಲಿ. ಆರಿಸಿಕೊಂಡು ಬಂತಲ್ಲ ನನ್ನ ಹತ್ರ," ಎಂದಳು.

ನಾನು ಬಗ್ಗಿ ಬೆಕ್ಕಿನ ತಲೆ ಸವರಿದೆ. ವಯಸ್ಸಾದವರು ಬಗ್ಗಿದರೆ ಕೂಡಲೇ ಏಳಲಾಗುವುದಿಲ್ಲ. ಹಾಗೆಯೇ ಇದ್ದೆ. ಮುಖ ಅದರ ಹಣೆಯ ಹತ್ತಿರ ಇತ್ತು. ಹಾಲಿನ ಹುಳಿವಾಸನೆ, ಭೇದಿಯ ವಾಸನೆ, ಇವುಗಳ ಅಡಿಯಲ್ಲಿ, ಎರಡು ಕಿವಿಗಳ ನಡುವೆ, ಯಾರೋ ಊಟ ಕೊಟ್ಟ ಕೈಯಿಂದಲೇ ದಿನವೂ ಸವರುತ್ತಿದ್ದ ಜಾಗದಲ್ಲಿ, ಅರಿಸಿನದ ಎಲೆಯ ಘಮವಿತ್ತು. ಅದರ ಬೆನ್ನಿಗೆ ಹೊಳೆಯ ಕೆಸರು.

ಛತ್ರದ ಹಿಂಭಾಗದಲ್ಲಿ, ಗಂಗವ್ವನ ಒಲೆಯ ಪಕ್ಕ ಕೂರುತ್ತಿದ್ದ ಅದೇ ವೆಂಕಪ್ಪ ಈಳಿಗೆಮಣೆಯ ಮೇಲೆ ಕೂತು ಬೂದುಗುಂಬಳ ಹೆಚ್ಚುತ್ತಿದ್ದ. ಊರಿಗೆ ಅವನು ವೆಂಕಪ್ಪಯ್ಯನವರು. ಅವನ ಕೈಯಡುಗೆ ಉಣ್ಣದ ಮದುವೆಯ ದಂಪತಿ ಈ ಊರಲ್ಲಿಲ್ಲ. ಅವನು ಮಾತ್ರ ಬೇರೆಯವರ ಕೈಯದನ್ನು ಉಣ್ಣುವವನಲ್ಲ. ಹೆಂಡತಿ ತೀರಿಹೋದ ಮೇಲೆ ತಾನೇ ಬೇಯಿಸಿ ತಾನೊಬ್ಬನೇ ಉಣ್ಣುತ್ತಿದ್ದ.

"ಏನಕ್ಕಾ ಈ ಕಡೆ? ಊಟಕ್ಕಿನ್ನೂ ಹೊತ್ತಿದೆ," ಎಂದ.

"ಊಟಕ್ಕೆ ಬರಲಿಲ್ಲ. ಈಚೆಗೆ ಕಡುಬು ಮಾಡ್ತಿದ್ದೀಯೇನೋ ಮನೇಲಿ?"

"ಕಡುಬಾ? ಯಾವ ಹಬ್ಬ ಇದೆ ಈಗ?"

"ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ. ತಾರಾ ಮನೆಗೆ ಬಂದ ಬೆಕ್ಕಿನ ಹಣೆ ಮೂಸಿದೆ. ಗಂಗವ್ವನ ಒಲೆ ನೆನಪಾಯ್ತು."

ಕುಂಬಳದ ಹೋಳು ಈಳಿಗೆಯ ಬಾಯಲ್ಲೇ ನಿಂತಿತು. "ಹೇಗಿದೆ?" ಎಂದ. ಯಾವುದು, ಏನು ಎಂದು ಕೇಳಲಿಲ್ಲ.

"ನೀರಿನ ಹಾಗೆ ಹೋಗ್ತಿದೆ. ತಲೆ ಎತ್ತಿಲ್ಲ."

"ಹಾಲು ಕೊಟ್ರಾ?"

"ಊರೆಲ್ಲ ಕೊಟ್ಟಿದೆ."

"ಅಯ್ಯೋ ಮಂಕುಗಳಾ! ಅದಕ್ಕೆ ಹಾಲು ಸೇರಲ್ಲ. ಹೋದ ವರ್ಷ ನನಗೂ..." ಎಂದವನು ಅತ್ತಿತ್ತ ನೋಡಿ ದನಿ ಇಳಿಸಿದ. "ನಾನು ಬಾಗಿಲು ಹಾಕಿಯೇ ಇದ್ದೆ ಅಕ್ಕಾ, ಆಣೆ ಮಾಡಿ ಹೇಳ್ತೀನಿ. ಬಚ್ಚಲಿನ ಕಿಂಡಿಯಿಂದ ಬಂತು. ಬಂದು ನಮ್ಮನೆಯವಳ ಹಳೇ ಸೀರೆ ಮೇಲೆ ಮಲಗ್ತು. ಹೋಗು ಅಂತ ಹೇಗೆ ಹೇಳ್ಲಿ? ಹಾಲು ಕೊಟ್ಟೆ, ಭೇದಿ. ಮೊಸರನ್ನ ಕೊಟ್ಟೆ, ವಾಂತಿ. ಹಳೆಬಟ್ಟಲು ಎಲ್ಲಿಂದ ತರ್ಲಿ, ಬಂದಿದೆ ಅಂತಲೇ ಹೇಳೋ ಹಾಗಿಲ್ಲವಲ್ಲ. ಕೊನೆಗೆ ಗಂಗವ್ವ ಮಾಡ್ತಿದ್ದದ್ದು ನೆನಪಾಯ್ತು. ಆ ಗಂಜಿ ಬೆರಳಲ್ಲಿ ನೆಕ್ಕಿಸಿದೆ. ಆವತ್ತಿಂದ ಭೇದಿ ನಿಂತಿತು."

"ಅದೇ ಗಂಜಿ ಈಗ ಬೇಕಾಗಿದೆ."

"ನಾನು ಮಾಡಿ ನಿಮ್ಮ ಬೇಲಿ ಮೇಲೆ ಇಡ್ತೀನಿ. ನೀವು ತಗೊಂಡು ಹೋಗಿ."

"ನನ್ನ ಕೈಯದ್ದು ಅದು ಮುಟ್ಟುತ್ತೇನೋ ವೆಂಕಪ್ಪ?"

ಅವನಿಗೆ ಗೊತ್ತಿತ್ತು. ಎದುರಿನ ದೊಡ್ಡ ಒಲೆಗಳ ಕಡೆ ನೋಡುತ್ತ, "ಸೀಗಡಿ ಮುಟ್ಟಿದ ಕೈ ಅಂತ ಗೊತ್ತಾದ್ರೆ ಈ ಒಲೆ ಮುಂದೆ ಯಾರು ನಿಲ್ಲಿಸ್ತಾರೆ ನನ್ನನ್ನ? ಇದೊಂದು ಬಿಟ್ಟು ಬೇರೆ ಏನು ಬರ್ತದೆ ನನಗೆ?" ಎಂದ.

ಅದು ನಿಜವಾದ ಮಾತು. ನಾನು ಅವನಿಗೆ ಏನನ್ನೂ ಹೇಳಿಕೊಡಲಿಲ್ಲ. ಪಕ್ಕದಲ್ಲಿ ಕೂತು ಅವನು ಗುಡ್ಡೆ ಹಾಕಿದ್ದ ಹುರುಳಿಕಾಯಿಯ ನಾರು ತೆಗೆದುಕೊಟ್ಟು ಎದ್ದು ಬಂದೆ.

ಮರುದಿನ ಬೀದಿಯಲ್ಲಿ ಜನ ಓಡಾಡುವ ಹೊತ್ತಿಗೆ ಸರಿಯಾಗಿ ವೆಂಕಪ್ಪ ತನ್ನ ಮನೆಯಿಂದ ಹೊರಟ. ಮಡಿಪಂಚೆ, ಹೆಗಲ ಮೇಲೆ ವಸ್ತ್ರ, ಎರಡೂ ಕೈಯಲ್ಲಿ ಕಂಚಿನ ಬಟ್ಟಲು. ಮುಚ್ಚಳವಿರಲಿಲ್ಲ. ಗಂಜಿಯಿಂದ ಹಬೆ ಏಳುತ್ತಿತ್ತು. ಬಾಡಿದ ಅರಿಸಿನದೆಲೆಯ ಒಂದು ಚೂರು ಅಂಚಿಗೆ ಅಂಟಿಕೊಂಡಿತ್ತು. ನಾನು ಜಗಲಿಯ ಮೇಲೆ ನಿಂತು ಅವನು ಬರುವುದನ್ನು ನೋಡಿದೆ. ಬಟ್ಟಲು ತುಳುಕದ ಹಾಗೆ ಸಣ್ಣ ಹೆಜ್ಜೆ ಇಡುತ್ತ, ಯಾರನ್ನೂ ನೋಡದೆ ಬರುತ್ತಿದ್ದ.

ವಾಸನೆ ಅವನಿಗಿಂತ ಮುಂದೆ ಬಂತು. ಮೊದಲು ಎಲೆ, ಆಮೇಲೆ ಮತ್ತೊಂದು. ಕಾಯಿಪಲ್ಯ ಕೊಳ್ಳುತ್ತಿದ್ದವರು ತಲೆಯೆತ್ತಿದರು. ಆಗ ಮೀನು ಮಾರುವ ಮಂಕಾಳಮ್ಮ, ಬಾವಿಯ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಕೂತಿದ್ದವಳು, ಬುಟ್ಟಿಯನ್ನು ಮತ್ತೆ ತಲೆಗೇರಿಸಿಕೊಂಡು ಎದ್ದಳು. ಗಿರಾಕಿಯೊಬ್ಬಳು, "ಏಯ್, ನನ್ನ ಮೀನು ಕೊಟ್ಟು ಹೋಗೇ," ಎಂದು ಕೂಗುತ್ತಿದ್ದರೂ ನಿಲ್ಲದೆ ವೆಂಕಪ್ಪನ ಮುಂದೆ ಮುಂದೆ ನಡೆಯತೊಡಗಿದಳು. ಅವಳ ಬುಟ್ಟಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇನ್ನು ಬೀದಿಯಲ್ಲಿ ಯಾವ ವಾಸನೆ ಯಾರದೆಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಸಾವಂತ್ರಮ್ಮ ಬಾಗಿಲಲ್ಲಿ ನಿಂತಿದ್ದಳು. ಬಟ್ಟಲನ್ನು ನೋಡಿದಳು, ವೆಂಕಪ್ಪನ ಮುಖ ನೋಡಿದಳು, ಅವನು ಹೋಗುತ್ತಿರುವ ದಿಕ್ಕನ್ನು ನೋಡಿದಳು. ಅವಳ ಬಾಯಿಯ ಬಗ್ಗೆ ನನಗೆ ಭಯವಿತ್ತು.

"ಕಡುಬಾ ವೆಂಕಪ್ಪಯ್ಯನೋರೇ?" ಎಂದಳು.

ವೆಂಕಪ್ಪ ನಿಂತ. "ಹೂಂ," ಎಂದ.

"ಒಳ್ಳೇ ಘಮ. ಆರಿಹೋದಾತು, ಬೇಗ ಹೋಗಿ."

ಛತ್ರದ ಧರ್ಮದರ್ಶಿ ಕಮಲನಾಭಯ್ಯ ತಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ವೆಂಕಪ್ಪ ಹತ್ತಿರ ಬಂದಾಗ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಲು ಶುರುಮಾಡಿದರು. ಕನ್ನಡಕವಿಲ್ಲದೆ ಅವರಿಗೆ ತಮ್ಮ ಕೈಬೆರಳೂ ಕಾಣುವುದಿಲ್ಲ. ವೆಂಕಪ್ಪ ದಾಟಿ ಹೋಗಿ, ತಾರಾಳ ಮನೆಯ ತಿರುವಿನಲ್ಲಿ ಮರೆಯಾಗುವವರೆಗೂ ಒರೆಸುತ್ತಲೇ ಇದ್ದರು.

ತಾರಾಳಿಗೆ ಬಟ್ಟಲು ಕೊಟ್ಟು ಅವನು ಹೊಸಲಿನ ಹೊರಗೇ ನಿಂತ, ಹಳೆಬಟ್ಟಲು ತಂದವರು ಜಗಲಿ ದಾಟಿ ಒಳಗೆ ಹೋಗುವ ವಾಡಿಕೆಯಿಲ್ಲ. ಅವಳು ಒಂದೂ ಪ್ರಶ್ನೆ ಕೇಳದೆ ತೆಗೆದುಕೊಂಡು ಹೋಗಿ ಬೆಕ್ಕಿನ ಹತ್ತಿರ ಇಟ್ಟಳು. ಗೋಡೆಯ ಕಡೆಗಿದ್ದ ಮುಖ ಸ್ವಲ್ಪ ತಿರುಗಿತು. ಮೂಗು ಅಲುಗಿತು. ಎದ್ದು ನಿಲ್ಲಲು ಹೋಗಿ ಕಾಲು ನಿಲ್ಲದೆ, ಮಲಗಿದಲ್ಲಿಂದಲೇ ಕತ್ತು ಚಾಚಿತು. ನೆಕ್ಕುವ ಸದ್ದು ಬಾಗಿಲಿನವರೆಗೆ ಕೇಳಿಸಿತು. ವೆಂಕಪ್ಪ ಅದನ್ನು ಕೇಳಿಸಿಕೊಂಡು, ವಸ್ತ್ರದಿಂದ ಮುಖ ಒರೆಸಿ, ಬಂದ ದಾರಿಯಲ್ಲೇ ಹೋದ.

ಆಮೇಲಿನದು ತಾಳ್ಮೆಯ ಕೆಲಸ. ಡಾಕ್ಟರಮ್ಮ ಹೇಳಿದಂತೆ ತಾರಾ ಮೊದಲು ಹಳೆಯ ಗಂಜಿಯನ್ನೇ, ಹೊಸದೇನನ್ನೂ ಬೆರೆಸದೆ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಹಲವು ಸಲ ಇಟ್ಟಳು. ಶುದ್ಧ ನೀರಿನ ಬಟ್ಟಲು ಸದಾ ಪಕ್ಕದಲ್ಲಿತ್ತು. ಭೇದಿ ಗಟ್ಟಿಯಾದ ಮೇಲೆ ಉಪ್ಪು, ಈರುಳ್ಳಿ ಸೋಕಿಸದೆ ಬೇಯಿಸಿದ ಕೋಳಿಯ ಎಳೆಯನ್ನು ಬೆರಳ ತುದಿಯಷ್ಟು ಸೇರಿಸಿದಳು, ಜೊತೆಗೆ ಬೇಯಿಸಿ ಹಿಸುಕಿದ ಸಿಹಿಗುಂಬಳ ಒಂದಿಷ್ಟು. ಬಟ್ಟಲಿನ ತಳದಲ್ಲಿ ಗಂಜಿ ಉಳಿಯತೊಡಗಿತು. ವೆಂಕಪ್ಪನ ಬಟ್ಟಲು ಅಷ್ಟಷ್ಟೇ ಕಡಿಮೆಯಾಯಿತು. ನಡುವೆ ಒಮ್ಮೆ, ಬೆಕ್ಕು ಕಿಟಕಿಗೆ ಹಾರಿದ ಸಂತೋಷದಲ್ಲಿ ತಾರಾ ಮೀನಿನ ತಲೆಯೊಂದನ್ನು ಇಡಿಯಾಗಿ ಕೊಟ್ಟುಬಿಟ್ಟಳು. ಹೊಟ್ಟೆ ಮತ್ತೆ ಸಡಿಲವಾಯಿತು. ಅವಳು ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಬಟ್ಟಲು ಮಾತ್ರ ಪೂರ್ತಿ ಖಾಲಿಯಾಗಿ ಹಿಂದಿರುಗಿತು. ಮರುದಿನ ವೆಂಕಪ್ಪ ಅಂಚಿನವರೆಗೆ ತುಂಬಿಕೊಂಡು ಬಂದು ಇಟ್ಟು ಹೋದ.

ಆ ದಿನಗಳಲ್ಲಿ ನಾನು ಮಂಕಾಳಮ್ಮನನ್ನು ಕೇಳಿದೆ, "ವೆಂಕಪ್ಪನ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?"

"ಏನು ಗೊತ್ತಿರೋದು? ಹಿತ್ಲ ಗೋಡೆ ಮೇಲೆ ತೆಂಗಿನಚಿಪ್ಪು ಇರ್ತಿತ್ತು. ಅದ್ರಲ್ಲಿ ಒಣಸೀಗಡಿ ಹಾಕಿ ಹೋಗ್ತಿದ್ದೆ. ಯಾರಿಗೆ, ಯಾಕೆ ಅಂತ ಕೇಳೋದು ನಮ್ಮ ಯಾಪಾರ ಅಲ್ಲಮ್ಮ," ಎಂದು ಬುಟ್ಟಿಯ ಮೇಲಿನ ಎಲೆ ಸರಿಪಡಿಸಿದಳು. "ಚಿಪ್ಪು ಮಾತ್ರ ದಿನಾ ತೊಳೆದಿಟ್ಟಿರ್ತಿದ್ರು. ಯಾವ ಗಿರಾಕಿ ತೊಳೆದಿಡ್ತಾನೆ ಹೇಳಿ?"

ಎಲ್ಲವೂ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ಮಾರ್ಗಶಿರದ ಮದುವೆಯೊಂದರ ಅಡುಗೆಯನ್ನು ಆ ಮನೆಯವರು ಹೊರಗಿನಿಂದ ಬಂದವರಿಗೆ ವಹಿಸಿದರು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ವೆಂಕಪ್ಪ ಕೇಳಲಿಲ್ಲ. ಕಮಲನಾಭಯ್ಯ ಛತ್ರದ ಬೀಗದ ಕೈಯನ್ನು ಅವನಿಂದ ಹಿಂದಕ್ಕೆ ಪಡೆಯಲೂ ಇಲ್ಲ, ಎಂದಿನಂತೆ ಹೋಗಿ ಮಾತಾಡಿಸಲೂ ಇಲ್ಲ. ಆ ಮದುವೆಯ ದಿನ ಛತ್ರದಿಂದ ಹೊಗೆ ಏಳುತ್ತಿತ್ತು, ವಾಲಗ ಕೇಳುತ್ತಿತ್ತು. ವೆಂಕಪ್ಪ ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಒಲೆ ಹೊತ್ತಿಸಿರಲಿಲ್ಲವೆಂದು ಕಾಣುತ್ತದೆ, ಬೆಳಗ್ಗಿನಿಂದ ಅವನ ಮಾಡಿನಿಂದ ಹೊಗೆ ಬಂದಿರಲಿಲ್ಲ. ನಾನು ಅವನ ಪಕ್ಕದ ಕಟ್ಟೆಯ ಮೇಲೆ ಕೂತು, ಬೂದುಬೆಕ್ಕು ನನ್ನ ಉಣ್ಣೆಯ ಶಾಲನ್ನು ಹಾಳುಮಾಡಿದ ಕಥೆ ಹೇಳುತ್ತಿದ್ದೆ. ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.

ಆಗ ತಾರಾ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಎಡಗೈಯಲ್ಲಿ ಅವನ ಕಂಚಿನ ಬಟ್ಟಲು, ಹುಣಸೆಹಣ್ಣು ಹಚ್ಚಿ ತಿಕ್ಕಿ ಬೋರಲಾಗಿ ಹಿಡಿದದ್ದು. ಬಲಗೈಯಲ್ಲಿ ಒಂದು ಹೊಸ ತಟ್ಟೆ. ಅದಕ್ಕೂ ಮುಚ್ಚಳವಿರಲಿಲ್ಲ. ಬಿಸಿ ಅನ್ನ, ಬೇಳೆಸಾರು, ಹುರುಳಿಕಾಯಿ ಪಲ್ಯ, ಅಂಚಿನಲ್ಲಿ ಸ್ವಲ್ಪ ಉಪ್ಪಿನಕಾಯಿ. ಛತ್ರಕ್ಕೆ ಹೋಗುತ್ತಿದ್ದ ರೇಷ್ಮೆ ಸೀರೆಯವರು, ಸಾವಂತ್ರಮ್ಮ, ತಮ್ಮ ಜಗಲಿಯಲ್ಲಿದ್ದ ಕಮಲನಾಭಯ್ಯ ಎಲ್ಲರೂ ಅವಳು ನಡೆದು ಬರುವುದನ್ನು ನೋಡಿದರು. ಈ ಸಲ ಯಾರೂ ಬೇರೆ ಕಡೆ ತಿರುಗಲಿಲ್ಲ. ಅವಳ ಸೀರೆಯ ನೆರಿಗೆಗೆ ಒಂದಷ್ಟು ಕಪ್ಪು ಕೂದಲು ಅಂಟಿಕೊಂಡಿತ್ತು.

ಬಟ್ಟಲನ್ನು ಮೆಟ್ಟಿಲ ಮೇಲೆ ಬೋರಲಿಟ್ಟಳು. ವೆಂಕಪ್ಪ ಅದನ್ನು ನೋಡಿ ತಲೆಯಾಡಿಸಿದ. ಆಮೇಲೆ ಅವಳು ಎರಡೂ ಕೈಯಲ್ಲಿ ತಟ್ಟೆಯನ್ನು ಮುಂದೆ ಹಿಡಿದಳು.

"ಖಾರ ಕಡಿಮೆ ಹಾಕಿದ್ದೀನಿ," ಎಂದಳು. "ಹೊಸ ಊಟ ಅಲ್ವಾ."

ಬೇರೆಯವರ ಕೈಯದನ್ನು ಉಣ್ಣದವನು ಎದ್ದು ನಿಂತ. ತಟ್ಟೆ ಸುಡುತ್ತಿತ್ತು. ಹೆಗಲ ಮೇಲಿನ ವಸ್ತ್ರವನ್ನು ಮಡಿಚಿ ಅದರಡಿಗೆ ಕೊಟ್ಟು, ಅವಳ ಕೈಯಿಂದ ತೆಗೆದುಕೊಂಡ.